ಅವ್ವನ ಕೈಯ ತೆನೆ

ಲೋಕಕ್ಕೆ ಬೆನ್ನು ತೋರಿಸಿಕೊಂಡು ಕೆಲಸ ಮಾಡುವ ಕಲಾವಿದರೆಂದರೆ ಗೋಡೆಯ ಮೇಲೆ ಬರೆಯುವ ನಾವು ಮಾತ್ರ ಇರಬೇಕು. ಹಾಡುವವನಿಗೆ ಎದುರಿಗೆ ಕೂತವರ ಮುಖ ಕಾಣುತ್ತದೆ. ನಾಲ್ಕು ಜನ ಆಕಳಿಸಿದರೆ ಒಂದು ಚರಣ ನುಂಗಿ ಮಂಗಳ ಹಾಡಿಬಿಡುತ್ತಾನೆ. ಕತೆ ಬರೆಯುವವನು ಬಾಗಿಲು ಹಾಕಿಕೊಂಡು ಬರೆಯುತ್ತಾನೆ. ಅವನು ಹೊಡೆದುಹಾಕಿದ ಸಾಲನ್ನು ಅವನ ಹೆಂಡತಿ ಕೂಡ ನೋಡುವುದಿಲ್ಲ. ನಮ್ಮ ಪಾಡು ಬೇರೆ. ನಾವು ಏಣಿ ಹತ್ತಿ ಗೋಡೆಯ ಕಡೆ ಮುಖ ಮಾಡಿದೆವೋ ಇಲ್ಲವೋ, ಊರು ನಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಚಹಾ ಕುಡಿಯುವವರು ಕಪ್ಪು ಹಿಡಿದುಕೊಂಡೇ ಬರುತ್ತಾರೆ. ಬಸ್ಸು ತಪ್ಪಿದವರು ಬರುತ್ತಾರೆ, ನಮ್ಮ ಕೆಲಸ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಳ್ಳುವವರೂ ಬರುತ್ತಾರೆ. ಬಂದವರು ಸುಮ್ಮನೆ ನಿಲ್ಲುವುದಿಲ್ಲ. "ಮೂಗು ಜರಾ ಉದ್ದ ಆತು ನೋಡ್ರಿ" ಎಂದು ಒಬ್ಬರು, "ಇಲ್ರಿ, ಮೂಗು ಬರೋಬರ್ ಅದ, ಹಣಿ ಸಣ್ಣದಾಗ್ಯದ" ಎಂದು ಇನ್ನೊಬ್ಬರು. ಏಣಿಯ ಮೇಲಿಂದ ತಿರುಗಿ ನೋಡಿದರೆ ಮಾತಾಡಿದವರು ಯಾರೆಂದೇ ಗೊತ್ತಾಗುವುದಿಲ್ಲ. ಎಲ್ಲರೂ ಒಂದೇ ಥರ ಗಂಭೀರವಾಗಿ ನಿಂತಿರುತ್ತಾರೆ. ಹೀಗಾಗಿ ನಾನು ಇಷ್ಟು ವರ್ಷ ಎಳೆದ ಗೆರೆಗಳಲ್ಲಿ ಒಂದಾದರೂ ಪೂರ್ತಿ ನನ್ನದೇ ಎಂದು ಎದೆ ಮುಟ್ಟಿಕೊಂಡು ಹೇಳುವ ಧೈರ್ಯ ನನಗಿಲ್ಲ.

ನನ್ನ ಹೆಸರು ಮಾಣಿಕಪ್ಪ. ಊರು ಝರಾಸಂಗಂ ಕಡೆಯ ಒಂದು ಹಳ್ಳಿ, ಅಂಗಡಿ ಝಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ. ಮನೆಯಲ್ಲಿ ಕನ್ನಡ, ಬೋರ್ಡಿನ ಮೇಲೆ ತೆಲುಗು, ಬಣ್ಣದ ಅಂಗಡಿಯಲ್ಲಿ ಉರ್ದು, ಹೀಗೆ ಮೂರು ಭಾಷೆಗಳಲ್ಲಿ ಬೈಸಿಕೊಳ್ಳುವ ಅನುಕೂಲ ನನಗಿದೆ. ಗಾಡಿಯ ನಂಬರ್ ಪ್ಲೇಟು, ಕಿರಾಣಿ ಅಂಗಡಿಯ ಬೋರ್ಡು, ಮದುವೆ ಮನೆಯ ಗೋಡೆಯ ಮೇಲಿನ ಆನೆ, ಗೊಬ್ಬರದ ಜಾಹೀರಾತಿನ ಟೊಮ್ಯಾಟೊ, ಎಲ್ಲವನ್ನೂ ಬರೆದಿದ್ದೇನೆ. ಒಮ್ಮೆ ಶಾಲೆಯ ಗೋಡೆಗೆ ಭಾರತದ ನಕ್ಷೆ ಬರೆಯುತ್ತಿದ್ದಾಗ ಹೆಡ್ ಮಾಸ್ತರು ಹಿಂದಿನಿಂದ, "ನಮ್ಮ ಮೆದಕ್ ಜಿಲ್ಲಾ ಜರಾ ಎದ್ದು ಕಾಣಂಗ ಮಾಡ್ರಿ" ಎಂದರು. ಮಾಡಿದೆ. ಆಮೇಲೆ ನೋಡಿದರೆ ಮಹಾರಾಷ್ಟ್ರಕ್ಕೆ ಜಾಗ ಸಾಲದೆ ಮುಂಬಯಿ ಸಮುದ್ರದೊಳಗೆ ಹೋಗಿತ್ತು. ಇನ್ನೊಮ್ಮೆ ಹಾಲಿನ ಅಂಗಡಿಯವನು ತನ್ನ ಎಮ್ಮೆಯನ್ನೇ ತಂದು ಗೋಡೆಯ ಪಕ್ಕ ಕಟ್ಟಿ, "ಇದರ ಹಂಗೇ ಬರಬೇಕು ನೋಡ್ರಿ" ಎಂದು ಹೇಳಿ ಹೋದ. ಸಂಜೆಯೊಳಗೆ ಎಮ್ಮೆ ತನ್ನ ಚಿತ್ರದ ಮುಂಗಾಲುಗಳನ್ನು ನೆಕ್ಕಿ ಅಳಿಸಿತ್ತು. ಆದರೂ ಹೇಳುತ್ತೇನೆ, ನನ್ನ ಹಿಂದೆ ನಿಂತವರಲ್ಲಿ ಬಾಯಿಬಿಟ್ಟು ಏನೂ ಹೇಳದವರೆಂದರೆ ಆ ಎಮ್ಮೆಯೊಂದೇ.

ನನಗೆ ಒಂದೇ ಒಂದು ಆಸೆ ಇತ್ತು. ಜನ ನನ್ನನ್ನು 'ಪೇಂಟರ್' ಅನ್ನದೆ 'ಆರ್ಟಿಸ್ಟ್' ಅನ್ನಬೇಕು ಎಂಬುದು. ಅದಕ್ಕಾಗಿಯೇ ಅಂಗಡಿಗೆ 'ಮಾಣಿಕ್ ಆರ್ಟ್ಸ್' ಎಂದು ಹೆಸರಿಟ್ಟೆ, ಕೂದಲನ್ನು ಸ್ವಲ್ಪ ಉದ್ದ ಬಿಟ್ಟೆ. ನನ್ನ ಹೆಂಡತಿ ರತ್ನಮ್ಮ ಹೊಲಮನೆ ನೋಡಿಕೊಳ್ಳುವವಳು, ಊರಿನ ಮಹಿಳಾ ಸಂಘದಲ್ಲಿ ಜೋಳ, ನವಣೆಯ ಬೀಜ ಕೂಡಿಡುವವರಲ್ಲಿ ಒಬ್ಬಳು. ಅವಳು ಈ ವಿಷಯದಲ್ಲಿ ನನಗೆ ಯಾವ ಸಹಕಾರವನ್ನೂ ಕೊಡಲಿಲ್ಲ. "ಯಾರರ ಕೇಳಿದ್ರ ನಮ್ಮನಿಯವ್ರು ಗ್ವಾಡಿಗಿ ಬಣ್ಣ ಹೊಡಿತಾರ ಅಂತೀನಿ. ಆರ್ಟಿಸ್ಟ್ ಅಂದ್ರ ಪಾಪ, ಕೆಲಸ ಇಲ್ಲೇನೋ ಅಂತ ತಿಳ್ಕೋತಾರ" ಎನ್ನುತ್ತಿದ್ದಳು. ಬೇಸಿಗೆ ಶುರುವಾದ ಒಂದು ದಿನ ಕತ್ತರಿ ತಂದು ಕೂದಲನ್ನೂ ಕತ್ತರಿಸಿದಳು.

ಆ ಹೊತ್ತಿಗೆ ಪ್ರತ್ಯೇಕ ರಾಜ್ಯದ ಹೋರಾಟ ನಮ್ಮ ಕಡೆಯೂ ಜೋರಾಗಿತ್ತು. ದಿನಕ್ಕೊಂದು ಬಂದ್, ಚೌಕಕ್ಕೊಂದು ಉಪವಾಸ ದೀಕ್ಷೆಯ ಟೆಂಟು. ಬಸ್ಸು ಓಡದಿದ್ದರೂ ನನ್ನ ಕುಂಚ ಓಡುತ್ತಿತ್ತು. ಖಾಲಿ ಗೋಡೆ ಕಂಡಲ್ಲೆಲ್ಲ 'ಜೈ ತೆಲಂಗಾಣ' ಬರೆದೂ ಬರೆದೂ, ಒಂದು ಮದುವೆ ಮನೆಯ ಬಾಗಿಲ ಮೇಲೆ 'ಸುಸ್ವಾಗತ' ಬರೆಯಬೇಕಾದಲ್ಲಿ ಕೈ ತನ್ನಷ್ಟಕ್ಕೆ ತಾನೇ 'ಜೈ ತೆಲಂಗಾಣ' ಬರೆದುಬಿಟ್ಟಿತು. ಬೀಗರು ತುಂಬ ಸಂತೋಷಪಟ್ಟರು. ಆದರೆ ಅಕ್ಷರ ಬೇರೆ, ಚಿತ್ರ ಬೇರೆ. ಚಿತ್ರ ಬೇಕಾದಾಗ ಎಲ್ಲರೂ ಹೋಗುತ್ತಿದ್ದುದು ನನ್ನ ಅಂಗಡಿಯ ಎದುರಿಗೇ ಹೊಸದಾಗಿ ಬಂದಿದ್ದ ಫಿರೋಜನ ಫ್ಲೆಕ್ಸ್ ಅಂಗಡಿಗೆ.

ಫಿರೋಜ್ ಕೆಟ್ಟವನಲ್ಲ. ಒಂದು ಕಾಲದಲ್ಲಿ ನನ್ನ ಜೊತೆಯಲ್ಲೇ ಬೋರ್ಡು ಬರೆದವನು. ಒಂದು ದಿನ ಮಶೀನು ತಂದ. ಅದು ಗುಂಯ್ ಎನ್ನುತ್ತ ಮಡಿಕೆ ಬಿಚ್ಚಿದ ಸೀರೆಯ ಹಾಗೆ ಉದ್ದಕ್ಕೆ ಚಿತ್ರ ಉಗುಳುತ್ತಿತ್ತು. ಹೂವು, ಮುಖ, ಆಕಾಶ, ಏನು ಹೇಳಿದರೂ ಒಂದು ತಾಸಿನಲ್ಲಿ ಸಿದ್ಧ. ನಾನು ನಾಲ್ಕು ದಿನ ಬೆವರು ಸುರಿಸಿ ಬರೆದ ಗಣಪತಿ ಅವನ ಗಣಪತಿಯ ಪಕ್ಕದಲ್ಲಿ ಜ್ವರ ಬಂದವನಂತೆ ಕಾಣತೊಡಗಿದ. "ಮಾಣಿಕ್ ಭಾಯ್, ನಾರಾಜ್ ಆಗಬ್ಯಾಡ್ರಿ. ನೀವೂ ಬಂದು ಕುಂದರ್ರಿ, ಕಂಪ್ಯೂಟರ್ ಕಲಿಸ್ತೀನಿ" ಎಂದು ಅವನೇ ಕರೆದ. ಹೋಗಿ ಕೂತೆ. ಕಂಪ್ಯೂಟರಿನ ಇಲಿ ಹಿಡಿದು ಎಳೆದ ನೇರ ಗೆರೆ ಹಾವಿನ ಹಾಗೆ ಹರಿಯಿತು. ಏಣಿಯ ತುದಿಯಲ್ಲಿ ಒಂದೇ ಕಾಲ ಮೇಲೆ ನಿಂತಾಗಲೂ ಗೆರೆ ತಪ್ಪದ ಕೈ ನನ್ನದು. ಎದ್ದು ಬಂದೆ. ಅಂದಿನಿಂದ ನನ್ನ ಎದೆಯಲ್ಲಿ ಒಂದು ಭಯ ಕೂತಿತು, ಇನ್ನು ಈ ಕೈಗೆ ಕೆಲಸ ಇಲ್ಲವೇನೋ ಎಂಬ ಭಯ. ಇದನ್ನು ತಮಾಷೆಯಾಗಿ ಹೇಳಲು ಈಗಲೂ ಬರುವುದಿಲ್ಲ, ಹಾಗಾಗಿ ಇದ್ದಂತೆಯೇ ಹೇಳಿದ್ದೇನೆ.

ಅಷ್ಟರಲ್ಲಿ ಹೋರಾಟ ಸಮಿತಿಯವರು ಝಹೀರಾಬಾದಿನ ಹೆದ್ದಾರಿಯಲ್ಲಿ 'ವಂಟಾ ವಾರ್ಪು' ಎಂದು ಸಾರಿದರು. ಅಂದರೆ ನಡುರಸ್ತೆಯಲ್ಲೇ ಒಲೆ ಹೂಡಿ, ಅಡಿಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಂಡು ಗಾಡಿಗಳನ್ನು ನಿಲ್ಲಿಸುವುದು. ನಮ್ಮ ಜನಕ್ಕೆ ಇಷ್ಟು ಒಗ್ಗಿದ ಹೋರಾಟ ಇನ್ನೊಂದಿಲ್ಲ. ಆ ದಿನಕ್ಕೆ ತೆಲಂಗಾಣ ತಾಯಿಯ ದೊಡ್ಡ ಚಿತ್ರ ಬೇಕಾಗಿತ್ತು. ಸಮಿತಿಯ ಮುಂದಾಳು ವಿಠ್ಠಲ ಸಾರ್, ಕಾಲೇಜಿನಲ್ಲಿ ಪಾಠ ಹೇಳುವವರು, ಫ್ಲೆಕ್ಸ್ ಮಾಡಿಸಲು ಫಿರೋಜನ ಅಂಗಡಿಗೆ ಬಂದಿದ್ದರು. ನಾನು ರಸ್ತೆ ದಾಟಿ ಹೋಗಿ ಅವರ ಮುಂದೆ ನಿಂತೆ.

"ಸಾರ್, ಹೋರಾಟ ನಮ್ಮ ಮಣ್ಣಿಂದು ಅಂತೀರಿ, ಅವ್ವನ ಚಿತ್ರ ಪ್ಲಾಸ್ಟಿಕ್ ಮ್ಯಾಲ ಹಾಕ್ತೀರಿ. ನನಗ ಒಂದ್ ಗ್ವಾಡಿ ಕೊಡ್ರಿ" ಎಂದೆ. ಈ ಮಾತನ್ನು ನಾನು ಎರಡು ದಿನ ಬಾಯಿಪಾಠ ಮಾಡಿದ್ದೆ.

ವಿಠ್ಠಲ ಸಾರ್ ಒಳ್ಳೆಯ ಮಾತಿಗೆ ಸೋಲುವವರು. "ಆತು. ಹೆದ್ದಾರಿ ಬಾಜೂಕ ಹಳೇ ಗೋದಾಮಿನ ಗ್ವಾಡಿ ಅದ. ಐತಾರ ಮಧ್ಯಾಹ್ನ ಹನ್ನೆರಡಕ್ಕ ಲೀಡರ್ ಬರ್ತಾರ, ಅಷ್ಟೊತ್ತಿಗಿ ಮುಗಿದಿರಬೇಕು" ಎಂದರು. ಚಿತ್ರ ಚೆನ್ನಾಗಿ ಬಂದರೆ ಝಹೀರಾಬಾದ್, ನಾರಾಯಣಖೇಡ್, ತಾಂಡೂರು, ಮೂರೂ ಕಡೆ ಸಮಿತಿಯ ಗೋಡೆಗಳೆಲ್ಲ ನನ್ನವು. ಬರದಿದ್ದರೆ ಅದರ ಮೇಲೆಯೇ ಫ್ಲೆಕ್ಸ್ ಕಟ್ಟುವುದು, ಮುಂದೆಯೂ ಫ್ಲೆಕ್ಸೇ. ಅದಕ್ಕಾಗಿ ಒಂದು ಫ್ಲೆಕ್ಸನ್ನೂ ಮಾಡಿಸಿ ಇಟ್ಟುಕೊಂಡರು. ಒಪ್ಪಿದೆ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಮಾದರಿಗೆಂದು ಸಾರ್ ಒಂದು ಕ್ಯಾಲೆಂಡರ್ ಕೊಟ್ಟರು. ತಲೆಗೆ ಕಿರೀಟ, ಒಂದು ಕೈಯಲ್ಲಿ ಬತುಕಮ್ಮ ಹಬ್ಬದ ಹೂವಿನ ತಟ್ಟೆ, ಇನ್ನೊಂದು ಕೈಯಲ್ಲಿ ಮೆಕ್ಕೆಜೋಳದ ತೆನೆ. ಕ್ಯಾಲೆಂಡರಿನ ಮೇಲೆ ಚೌಕ ಹಾಕಿ, ಗೋಡೆಯ ಮೇಲೂ ದಾರಕ್ಕೆ ಸುಣ್ಣ ಹಚ್ಚಿ ಚೌಕ ಹೊಡೆದು, ಒಂದೊಂದೇ ಚೌಕವನ್ನು ಏರಿಸುತ್ತ ಹೋದೆ. ನಾಲ್ಕು ದಿನ ನನ್ನ ಹಿಂದೆ ಝಹೀರಾಬಾದ್ ನಿಂತಿತ್ತು. ಕಿರೀಟ ಭಾರ ಆಯಿತು ಎಂದರು, ಇಳಿಸಿದೆ. ಅವ್ವ ಅಂದರೆ ಸ್ವಲ್ಪ ದಪ್ಪ ಇರಬೇಕು ಎಂದರು, ದಪ್ಪ ಮಾಡಿದೆ. ಒಬ್ಬ ಲಾರಿ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದು, "ಭಾಯ್‌ಸಾಬ್, ಕಣ್ಣು ರಸ್ತಾದ ಕಡಿ ನೋಡಂಗ ಮಾಡ್ರಿ, ನಮಗ ಧೈರ್ಯ ಇರ್ತದ" ಎಂದು ಹೇಳಿ ಸೋಲಾಪುರದ ಕಡೆ ಹೋಗಿಬಿಟ್ಟ. ಅದನ್ನೂ ಮಾಡಿದೆ. ಮುಖ ಮಾತ್ರ ನನ್ನ ಇಷ್ಟದಂತೆ ಬರೆದೆ. ಬರೆದಾದ ಮೇಲೆ ಇಳಿದು ದೂರದಿಂದ ನೋಡಿದರೆ ಅದು ರತ್ನಮ್ಮನ ಮುಖವೇ, ಅದೂ ಕತ್ತರಿ ಹಿಡಿದು ನನ್ನ ಕೂದಲ ಕಡೆ ನೋಡಿದಾಗಿನ ಮುಖ. ಹೋರಾಟಕ್ಕೆ ಅದೇ ಸರಿ ಎಂದು ಸುಮ್ಮನಾದೆ.

ಐತವಾರ ಬೆಳಿಗ್ಗೆ ಚಿತ್ರ ಮುಗಿಯಿತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಯ ಪಕ್ಕ, ಹೊಗಳಲು ಬರುವವರಿಗೆ ಸುಲಭವಾಗಿ ಸಿಗುವಂತೆ ನಿಂತೆ. ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಆಟೋಗಳಲ್ಲಿ ಬಂದಿಳಿದರು. ತಲೆಯ ಮೇಲೆ ಹಂಚು, ಕಂಕುಳಲ್ಲಿ ಜೋಳದ ಹಿಟ್ಟಿನ ಗಂಟು, ಕೈಯಲ್ಲಿ ಕಟ್ಟಿಗೆ. ಪಸ್ತಾಪುರದ ಕಡೆಯವರು, ನಮ್ಮೂರಿನವರು, ಅವರೊಳಗೆ ರತ್ನಮ್ಮ. ಎಲ್ಲರ ಮುಂದೆ ತುಳಜಮ್ಮ. ಈ ತುಳಜಮ್ಮ ನಮ್ಮ ಸಂಘದ ಹಿರಿಯಳು, ವರಸೆಯಲ್ಲಿ ನನಗೆ ದೊಡ್ಡವ್ವ ಆಗಬೇಕು. ಬೀಜವನ್ನು ಅಂಗೈಯಲ್ಲಿ ಹಿಡಿದು ಊದಿ ಇದು ಮೊಳೆಯುತ್ತದೆ, ಇದು ಮೊಳೆಯುವುದಿಲ್ಲ ಎಂದು ಹೇಳಬಲ್ಲವಳು. ಒಲೆಗೆ ಕಲ್ಲು ಇಡುವ ಮುಂಚೆ ಅವಳು ಗೋಡೆಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಮಾಣಿಕಪ್ಪಾ, ಅವ್ವನ ಕೈಯಾಗ ಏನದಪಾ ಅದು?" ಎಂದಳು.

"ಮೆಕ್ಕಿಜೋಳದ ತೆನಿ, ದೊಡ್ಡವ್ವಾ."

"ಯಾರ ಹೊಲದ್ದು?"

ಕ್ಯಾಲೆಂಡರಿನದು ಎಂದು ಹೇಳುವುದು ಚೆನ್ನಾಗಿರುತ್ತಿರಲಿಲ್ಲ.

"ನಿಮ್ಮ ಹೊಲದಾಗ ಅದನ್ನ ಬಿತ್ತೀರೇನು? ನಿಮ್ಮಪ್ಪ ಬಿತ್ತಿದ್ದನೇನು? ನಾವು ಇಲ್ಲಿ ಜೋಳದ ರೊಟ್ಟಿ ಬಡಿಯಾಕ ಬಂದೀವಿ. ನಮ್ಮ ಅವ್ವ ಕಂಡೋರ ತೆನಿ ಹಿಡ್ಕೊಂಡು ನಿಂತ್ರ, ಆಕಿ ಮುಂದ ನಾವು ಹೆಂಗ ಒಲಿ ಹಚ್ಚಬೇಕು?" ಎಂದು ತುಳಜಮ್ಮ ಕಲ್ಲುಗಳನ್ನು ಅಲ್ಲೇ ಬಿಟ್ಟು ಕೂತಳು. ಉಳಿದವರೂ ಹಂಚು ಇಳಿಸಿ ಕೂತರು. ನಾನು ರತ್ನಮ್ಮನ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ತನ್ನ ಮುಖದ ಹಾಗೆಯೇ ನನ್ನನ್ನು ನೋಡುತ್ತಿದ್ದಳು.

ನಾಚಿಕೆಯ ಮಾತೆಂದರೆ ಇದು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದು ಬೆಳೆದ ನಾನು ನಾಲ್ಕು ದಿನ ಆ ಕೈಯನ್ನು ಬರೆದಿದ್ದೆ, ನನಗೆ ಒಮ್ಮೆಯೂ ಅದು ತಟ್ಟಲಿಲ್ಲ. ನನ್ನ ಹಿಂದೆ ನಿಂತು ಕಿರೀಟದ ತೂಕ ಹೇಳಿದ ಗಂಡಸರಿಗೂ ತಟ್ಟಲಿಲ್ಲ. ಯಾಕೆಂದರೆ ನಾವೆಲ್ಲ ಜೋಳವನ್ನು ತಟ್ಟೆಯಲ್ಲಷ್ಟೇ ನೋಡಿದವರು.

ವಿಠ್ಠಲ ಸಾರ್ ಓಡಿ ಬಂದರು. ಅವರಿಗೆ ಗಡಿಯಾರದ ಚಿಂತೆ. "ಅಮ್ಮಾ, ಇದು ಎಲ್ಲಾ ಕಡಿ ಒಪ್ಪಿದ ಚಿತ್ರ. ಇಲ್ಲಿ ಒಂದೇ ಕಡಿ ಬದಲ್ ಮಾಡಾಕ ಆಗಂಗಿಲ್ಲ" ಎಂದರು. "ನೀವು ಮಾಡ್ರಿ, ಬಿಡ್ರಿ. ನಾವು ಒಲಿ ಹಚ್ಚಂಗಿಲ್ಲ" ಎಂದಳು ತುಳಜಮ್ಮ ಬಹಳ ಶಾಂತವಾಗಿ. ಒಲೆ ಇಲ್ಲದೆ ವಂಟಾ ವಾರ್ಪು ಇಲ್ಲ. ಆಗಲೇ ಹನ್ನೊಂದು ದಾಟಿತ್ತು. ಸಾರ್ ನನ್ನ ಕಡೆ ಒಮ್ಮೆ ನೋಡಿ, ಜನರ ನಡುವೆ ನಿಂತಿದ್ದ ಫಿರೋಜನ ಕಡೆ ತಿರುಗಿ, "ಗ್ವಾಡಿ ಅಂದ್ರ ಇದೇ ಪರೇಶಾನಿ. ಫಿರೋಜ್, ಫ್ಲೆಕ್ಸ್ ತರಿಸು" ಎಂದರು. ನಾನು ಏಣಿ ಹಿಡಿದುಕೊಂಡು ನಿಂತೆ.

ಫಿರೋಜ್ ಫ್ಲೆಕ್ಸ್ ತಂದು ರಸ್ತೆಯ ಮೇಲೆ ಬಿಚ್ಚಿದ. ಹೊಳೆಯುವ ಅವ್ವ, ಹೊಳೆಯುವ ಕಿರೀಟ, ಕೈಯಲ್ಲಿ ಇನ್ನೂ ಚೆನ್ನಾಗಿ ಹೊಳೆಯುವ ಮೆಕ್ಕೆಜೋಳ. ತುಳಜಮ್ಮ ಎದ್ದು ಬಂದು ಸುತ್ತ ಒಂದು ಸುತ್ತು ಹಾಕಿ ನೋಡಿದಳು.

"ಇದ್ರಾಗೂ ಅದೇ ಅದಲ್ಲೋ. ಇದನ್ನ ಬದಲ್ ಮಾಡಾಕ ಬರ್ತದೇನು?" ಎಂದು ಫಿರೋಜನನ್ನು ಕೇಳಿದಳು.

ಅವನು ಹೌದು ಎಂದು ಸುಳ್ಳು ಹೇಳಬಹುದಿತ್ತು. "ಬರಂಗಿಲ್ಲಮ್ಮಾ. ಒಮ್ಮಿ ಬಂತಂದ್ರ ಬಂತು" ಎಂದ.

"ಮತ್ತ ಇವಂದು?"

ಫಿರೋಜ್ ನನ್ನ ಕಡೆ ನೋಡಿದ. "ಮಾಣಿಕ್ ಭಾಯ್‌ದು ಬರ್ತದ. ಕೈಲಿಂದ ಮಾಡಿದ್ದು" ಎಂದ. ಅವನ ಬಾಯಿಂದ ಆ ಮಾತು ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಬಣ್ಣದ ಎಣ್ಣೆಯ ಘಾಟು ಎಂದು ಎಲ್ಲರೂ ತಿಳಿದುಕೊಂಡರು.

"ಹಂಗಾದ್ರ ಏಣಿ ಹತ್ತು" ಎಂದಳು ತುಳಜಮ್ಮ. ವಿಠ್ಠಲ ಸಾರ್ ಬಾಯಿ ತೆರೆದರು. ಇಷ್ಟು ಹೆಣ್ಣುಮಕ್ಕಳು ಒಟ್ಟಿಗೇ ಅವರ ಕಡೆ ತಿರುಗಿದ್ದರಿಂದ ಮುಚ್ಚಿದರು. ಫ್ಲೆಕ್ಸನ್ನು ಎರಡು ಆಟೋಗಳ ನಡುವೆ ಒಲೆಗಳ ಮೇಲೆ ನೆರಳಿಗೆ ಕಟ್ಟಿದರು. ನೆರಳು ತುಂಬ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ತೊಂದರೆ ಎದುರಾಯಿತು. ನನಗೆ ಜೋಳದ ತೆನೆ ಬರೆಯಲು ಬರುತ್ತಿರಲಿಲ್ಲ. ಮೆಕ್ಕೆಜೋಳದ ಮೇಲೆ ಬಿಳಿ ಬಳಿದು, ಕುಂಚ ಹಿಡಿದು ಗೋಡೆಯ ಮುಂದೆ ನಿಂತಾಗ ತಲೆ ಪೂರಾ ಖಾಲಿ. ಆದರೂ ಧೈರ್ಯ ಮಾಡಿ ಒಂದು ತೆನೆ ಎಳೆದೆ. "ಅದು ಸಜ್ಜಿ" ಎಂದು ಕೆಳಗಿನಿಂದ ಒಬ್ಬಳು. ಅಳಿಸಿ ಇನ್ನೊಂದು ಎಳೆದೆ. "ಅದು ಕಸಬರಗಿ." ಮೂರನೆಯದಕ್ಕೆ ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತು. ಬೆವರಿನಿಂದ ಇಸ್ತ್ರಿ ಅಂಗಿ ಮೈಗೆ ಅಂಟಿತ್ತು.

ಆಗ ಏಣಿ ಅಲುಗಿತು. ರತ್ನಮ್ಮ ಸೆರಗು ಸಿಕ್ಕಿಸಿಕೊಂಡು ಎರಡು ಮೆಟ್ಟಿಲು ಹತ್ತಿ ಬಂದಿದ್ದಳು. "ಕೆಳಗ ಇಳೀರಿ. ಕುಂಚದಲೇ ಜೋಳ ಬರಂಗಿಲ್ಲ" ಎಂದು ನನ್ನನ್ನು ಇಳಿಸಿ ತಾನು ಹತ್ತಿದಳು. ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯ ಮೂರು ಬೆರಳನ್ನು ಹಳದಿ ಬೆರೆಸಿದ ಬಿಳಿಯಲ್ಲಿ ಅದ್ದಿ, ಗೋಡೆಗೆ ಚುಕ್ ಚುಕ್ ಎಂದು ಒತ್ತಿದಳು. ಹಬ್ಬದಲ್ಲಿ ನಮ್ಮ ಹೆಂಗಸರು ಗೋಡೆಗೆ ಸುಣ್ಣದ ಬೊಟ್ಟು ಇಡುತ್ತಾರಲ್ಲ, ಹಾಗೆ. ಒಂದರ ಮೇಲೊಂದು, ಒಂದರ ಸಂದಿಯಲ್ಲೊಂದು. ನೋಡನೋಡುತ್ತ ಕಾಳು ತುಂಬಿ ತಲೆ ಬಾಗಿದ ಬಿಳಿಜೋಳದ ತೆನೆ ಗೋಡೆಯ ಮೇಲೆ ಎದ್ದಿತು. ನಾನು ಏಣಿಯ ಕೆಳಗೆ ಕುಂಚ ಹಿಡಿದುಕೊಂಡು ನೋಡಿದೆ. ಇಷ್ಟು ವರ್ಷ ಇವಳ ಪಕ್ಕದಲ್ಲಿದ್ದು ಇವಳ ಬೆರಳನ್ನು ನಾನು ನೋಡಿಯೇ ಇರಲಿಲ್ಲ.

ಮುಂದೆ ಸರದಿ ಹತ್ತಿತು. ತುಳಜಮ್ಮ ಹತ್ತಿ ನಾಲ್ಕು ಕಾಳು ಒತ್ತಿದಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನಾನು ಬಣ್ಣ ಕಲಸಿ ಕಲಸಿ ಕೊಟ್ಟೆ, ಏಣಿ ಹಿಡಿದುಕೊಂಡೆ. ಎಲ್ಲರೂ ಒತ್ತಿದ್ದರಿಂದ ತೆನೆ ಬೆಳೆಯುತ್ತ ಬೆಳೆಯುತ್ತ ಅವ್ವನ ತಲೆಗಿಂತ ದೊಡ್ಡದಾಯಿತು. ಬೇರೆ ದಿನವಾಗಿದ್ದರೆ ಅಳತೆ ತಪ್ಪಿತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಅಂದು ಇನ್ನೊಂದು ಡಬ್ಬಿ ಬಣ್ಣ ಕಲಸಿದೆ. ಕೆಳಗೆ ಒಲೆಗಳು ಹತ್ತಿದವು, ರೊಟ್ಟಿ ಬಡಿಯುವ ಸಪ್ಪಳ ಹೆದ್ದಾರಿಯ ಉದ್ದಕ್ಕೂ ಕೇಳತೊಡಗಿತು.

ಲೀಡರ್ ಬಂದಾಗ ಹನ್ನೆರಡು ಹೊಡೆದು ಬಹಳ ಹೊತ್ತಾಗಿತ್ತು. ಅವರು ಯಾವತ್ತೂ ಹಾಗೇ ಬರುತ್ತಾರೆ ಎಂಬುದು ನಮಗೆ ಆಮೇಲೆ ನೆನಪಾಯಿತು. ಕಾರಿನಿಂದ ಇಳಿದವರು ಗೋಡೆಯ ಮುಂದೆ ನಿಂತರು. ವಿಠ್ಠಲ ಸಾರ್ ಉಗುರು ಕಚ್ಚುತ್ತಿದ್ದರು. "ತೆನೆ ಯಾಕೆ ಇಷ್ಟು ದೊಡ್ಡದು?" ಎಂದು ಲೀಡರ್ ತೆಲುಗಿನಲ್ಲಿ ಕೇಳಿದರು. ತುಳಜಮ್ಮ ರೊಟ್ಟಿ ತಿರುವುತ್ತ ಒಲೆಯ ಮುಂದಿನಿಂದಲೇ, "ಉಣ್ಣೋರು ಬಹಳ ಮಂದಿ ಇದ್ದಾರ್ರಿ, ಅದಕ್ಕ" ಎಂದಳು. ಯಾರೋ ಅದನ್ನು ತೆಲುಗಿಗೆ ಹೇಳಿದರು. ಲೀಡರ್ ನಕ್ಕರು, ರಸ್ತೆಯ ಮೇಲೆ ಕೂತು ಎರಡು ರೊಟ್ಟಿ ತಿಂದರು, ಎದ್ದು ಭಾಷಣದಲ್ಲಿ ಆ ಮಾತನ್ನು ತಮ್ಮದೇ ಎಂಬಂತೆ ಮೂರು ಸಲ ಹೇಳಿದರು. ಜನ ಕುಣಿದರು. ವಿಠ್ಠಲ ಸಾರ್ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕದವರಿಗೆ, "ಜೋಳ ಹಾಕಬೇಕಂತ ನಮ್ಮ ಸಮಿತಿದು ಮೊದಲಿಂದೂ ವಿಚಾರ ಇತ್ತು" ಎಂದು ಹೇಳುತ್ತಿದ್ದರು. ನಾನು ಹೌದು ಹೌದು ಎಂದೆ. ಗೆದ್ದ ಮನುಷ್ಯ ಉದಾರಿಯಾಗುತ್ತಾನೆ.

ಆದರೂ ನಾರಾಯಣಖೇಡಿಗೆ ಅವಸರದಲ್ಲಿ ಅದೇ ಫ್ಲೆಕ್ಸನ್ನು ಕಳಿಸಿದರು, ಒಲೆಯ ಮಸಿ ಒರೆಸಿ. ಮೂರೇ ದಿನದಲ್ಲಿ ನಾರಾಯಣಖೇಡಿನ ಪಕ್ಕದ ಮನೂರ್ ಕಡೆಯಿಂದ ಜನ ಬಂದರು. ಅಲ್ಲಿ ಬೆಳೆಯುವುದು ತೊಗರಿ. ಮೆಕ್ಕೆಜೋಳದ ಮೇಲೆ ಅವರು ಕಾಗದದಲ್ಲಿ ತೊಗರಿ ಕತ್ತರಿಸಿ ಅಂಟಿಸಿದ್ದರಂತೆ, ಗಾಳಿಗೆ ಹಾರಿ ಹೋಯಿತಂತೆ. "ಝಹೀರಾಬಾದದಾಗ ಕೇಳಿದಂಗ ಬರೆದು ಕೊಡ್ತಾರಂತಲ್ರಿ, ಆ ಆರ್ಟಿಸ್ಟ್ ಯಾರು?" ಎಂದು ಕೇಳಿಕೊಂಡು ನೇರ ನನ್ನ ಅಂಗಡಿಗೆ ಬಂದರು. ಅಂಗಡಿ ತೋರಿಸಿದವನು ಫಿರೋಜ್. ಆರ್ಟಿಸ್ಟ್ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಬೇಕಂತಲೇ, "ಯಾರು ಬೇಕಾಗಿತ್ತು?" ಎಂದು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು.

ಶೇರ್ ಆಟೋದಲ್ಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ರತ್ನಮ್ಮನೂ ನಾನೂ ಹೋದೆವು. ಮನೂರ್ ಕಡೆಯ ಗೋಡೆಗಳಲ್ಲಿ ಅವ್ವನ ಕೈಗೆ ತೊಗರಿ ಕೊಟ್ಟೆವು, ಒಂದು ಊರಲ್ಲಿ ಹೆಸರುಕಾಳು, ಇನ್ನೊಂದರಲ್ಲಿ ಕಡಲೆ. ಎಲ್ಲ ಕಡೆ ಹೆಣ್ಣುಮಕ್ಕಳೇ ಬೆರಳಲ್ಲಿ ಕಾಳು ಒತ್ತಿದರು. ನಾನು ಮುಖ ಬರೆದೆ. ಮುಖ ಎಲ್ಲ ಕಡೆಯೂ ಒಂದೇ ಬಂತು. ಒಂದು ಊರಿನ ಮುದುಕಿ ರತ್ನಮ್ಮನನ್ನೂ ಗೋಡೆಯನ್ನೂ ನೋಡಿ ಕೈ ಮುಗಿದಾಗ ಇವಳು ನನ್ನ ಕಡೆ ತಿರುಗಿ, "ಇದೇನ್ರಿ ಇದು" ಎಂದು ಮೆಲ್ಲಗೆ ಕೇಳಿದಳು. ಅಷ್ಟು ವರ್ಷದಲ್ಲಿ ಅವಳು ನಾಚಿದ್ದನ್ನು ನೋಡಿದ್ದು ಅದೇ ಮೊದಲು. ನನಗೆ ಊರಿಗೆಲ್ಲ ಸಕ್ಕರೆ ಹಂಚಬೇಕೆನಿಸಿತು.

ಕೊನೆಗೆ ತಾಂಡೂರಿನವರು ಕರೆದರು. ಅಲ್ಲಿ ತೊಗರಿಯೂ ಇದೆ, ಅದಕ್ಕಿಂತ ಹೆಚ್ಚಾಗಿ ಕಲ್ಲಿನ ಗಣಿಗಳಿವೆ. ಮನೆ ಮನೆಯ ನೆಲಕ್ಕೆ ಹಾಸುವ ನೀಲಿ ಫರ್ಸಿ ಕಲ್ಲು ಬರುವುದು ಅಲ್ಲಿಂದಲೇ. "ನಮಗ ಹೊಲ ಇಲ್ರಿ. ಅವ್ವ ನಮ್ಮ ಫರ್ಸಿ ಮ್ಯಾಲ ನಿಂತಿರಬೇಕು" ಎಂದರು ಕಲ್ಲು ಒಡೆಯುವವರು. ಕೈಗೆ ತೊಗರಿ ಕೊಟ್ಟು, ಕಾಲ ಕೆಳಗೆ ಅಗಲವಾದ ಫರ್ಸಿ ಹಾಸಿದೆ. ನನ್ನ ಕೆಲಸಗಳಲ್ಲೇ ಅತಿ ದೊಡ್ಡದು ಅದು. ಮುಗಿದ ದಿನ ಅದರ ಮುಂದೆಯೇ ಸಭೆ ಇಟ್ಟುಕೊಂಡರು. ಮೈಕಿನಲ್ಲಿ 'ಆರ್ಟಿಸ್ಟ್ ಮಾಣಿಕಪ್ಪ' ಎಂದು ಕರೆದು, ವೇದಿಕೆಯ ಮೇಲೆ ಜರಿ ಅಂಚಿನ ಶಾಲು ಹೊದಿಸಿದರು. ಕೆಳಗೆ ರತ್ನಮ್ಮ, ವಿಠ್ಠಲ ಸಾರ್, ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಬಂದ ಫಿರೋಜ್, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೈಕು ಹಿಡಿದೆ. ಮಶೀನಿಗೆ ಕಿವಿ ಇಲ್ಲ, ಕೈಗೆ ಇದೆ ಎಂದೆ. ಜನರ ಮಾತು ಕೇಳುವುದೇ ಕಲೆ ಎಂದೆ. ಇನ್ನೂ ಬಹಳ ಹೇಳಿದೆ, ಏನೆಂದು ನೆನಪಿಲ್ಲ. ಅಂಥ ಭಾಷಣ ನನ್ನ ಬಾಯಿಂದ ಮತ್ತೆ ಬಂದಿಲ್ಲ.

ಚಪ್ಪಾಳೆ ನಿಂತಾಗ ವೇದಿಕೆಯ ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ಎದ್ದು ನಿಂತ. ಅಂಗೈಯೆಲ್ಲ ಕಲ್ಲಿನ ಹಾಗೆ ಗಟ್ಟಿಯಾದವನು, ಜೀವನವಿಡೀ ಫರ್ಸಿ ಸೀಳಿದವನು. "ಭಾಳ ಚಲೋ ಮಾತಾಡಿದಿ ತಮ್ಮಾ. ಖರೆ, ಆ ಫರ್ಸಿ ಬಲಗಡಿ ಒಂದ್ ಬಟ್ಟು ಸೊಟ್ಟ ಆಗ್ಯದ" ಎಂದ.

ಕಲೆ ಅಂದರೇನು ಎಂದು ಈಗಷ್ಟೇ ಮೈಕಿನಲ್ಲಿ ಹೇಳಿದವನು ನಾನು. ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಂದದ್ದು ಕೋಪ. ಶಾಲು ಹೊದ್ದವನನ್ನೂ ಇವರು ಬಿಡುವುದಿಲ್ಲವಲ್ಲ ಎಂದುಕೊಂಡು ಗೋಡೆಯ ಕಡೆ ತಿರುಗಿದೆ. ಸೊಟ್ಟ ಆಗಿತ್ತು. ಸರಿಯಾಗಿ ಒಂದು ಬೆರಳು. ಸಭೆಯನ್ನು ಅಲ್ಲೇ ಬಿಟ್ಟು ವೇದಿಕೆ ಇಳಿದು ಏಣಿ ಹತ್ತಿದೆ. ಬಣ್ಣ ಇನ್ನೂ ಹಸಿ. ಕೈಗೆ ಸಿಕ್ಕ ಬಟ್ಟೆಯಿಂದ ಆ ಅಂಚನ್ನು ಒರೆಸಿ, ಗೆರೆ ನೇರ ಮಾಡಿ, ಮುದುಕನ ಕಡೆ ನೋಡಿದೆ. ಅವನು ತಲೆಯಾಡಿಸಿದ. ಜನ ಮತ್ತೆ ಚಪ್ಪಾಳೆ ತಟ್ಟಿದರು, ಮೊದಲಿನದಕ್ಕಿಂತ ಜೋರಾಗಿ. ಕೆಳಗಿಳಿದಾಗ ರತ್ನಮ್ಮ ನನ್ನ ಹೆಗಲ ಮೇಲಿನ ಶಾಲಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಜರಿಯ ಅಂಚೆಲ್ಲ ನೀಲಿ. "ಹೂವಿನ ಮಾಲಿ ಹಾಕಿದ್ರ ಚಲೋ ಇತ್ತು. ಅದ್ರಲೇ ಒರೆಸಾಕ ಬರ್ತಿದ್ದಿಲ್ಲ" ಎಂದಳು.

ಆ ಶಾಲು ನನ್ನ ಅಂಗಡಿಯಲ್ಲಿ ಈಗಲೂ ಇದೆ. ಮೊದಲು ಗಾಜಿನ ಚೌಕಟ್ಟಿನಲ್ಲಿ ಹಾಕಿಸೋಣ ಎಂದಿದ್ದೆ, ಈಗ ದಿನವೂ ಕೆಲಸಕ್ಕೆ ಬರುತ್ತದೆ. ಒಂದು ಕೊರತೆಯಿದೆ: ಜರಿ ಇರುವುದರಿಂದ ಬಣ್ಣವನ್ನು ಸರಿಯಾಗಿ ಹೀರುವುದಿಲ್ಲ. ನನ್ನನ್ನು ಸನ್ಮಾನಿಸಬೇಕೆಂದು ಯಾರಾದರೂ ಯೋಚಿಸುತ್ತಿದ್ದರೆ ಬೇಡ ಎನ್ನುವುದಿಲ್ಲ, ಶಾಲು ಮಾತ್ರ ದಯವಿಟ್ಟು ಹತ್ತಿಯದು ಇರಲಿ.